ನಮ್ಮ ಬಡಾವಣೆಯಲ್ಲೇ ಯಾಕಿಷ್ಟು ಕ್ಯಾನ್ಸರ್? ನಿವಾಸಿಗಳೇ ಹುಡುಕಲು ಹೊರಟಾಗ

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಸುಮಾರು 6,000 ಜನ ಇದ್ದೇವೆ. ಕಳೆದ ಹತ್ತು ವರ್ಷಗಳಲ್ಲಿ, ನಮಗೆ ಗೊತ್ತಿರುವ ಮಟ್ಟಿಗೆ, 40ಕ್ಕೂ ಹೆಚ್ಚು ಮಂದಿಗೆ ಕ್ಯಾನ್ಸರ್ ಬಂದಿದೆ. ಅದರಲ್ಲಿ ಎಂಟು ರಕ್ತದ ಕ್ಯಾನ್ಸರ್. ಹತ್ತಿರದಲ್ಲೇ ದ್ರಾವಕಗಳನ್ನು ಬಳಸುವ ಕಾರ್ಖಾನೆ ಇದೆ. ನಾವು ಕುಡಿಯುವುದು ಕೊಳವೆಬಾವಿ ನೀರು. ಕೇಳಿದರೆ ‘ಕಾಕತಾಳೀಯ’ ಅನ್ನುತ್ತಾರೆ. ಇಪ್ಪತ್ತು ಜನ ಸೇರಿ ಮನೆಮನೆಗೆ ಹೋಗಿ ಲೆಕ್ಕ ತೆಗೆಯಬೇಕು ಅಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಎಲ್ಲಿ ಎಡವುತ್ತೇವೆ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಲ್ಲ, ಮೂರು. ನಮ್ಮಲ್ಲಿ ಕ್ಯಾನ್ಸರ್ ನಿಜವಾಗಿ ಹೆಚ್ಚಿದೆಯೇ? ಹೆಚ್ಚಿದ್ದರೆ ಕಾರಣವೇನು? ನಮ್ಮ ನೀರಲ್ಲಿ, ಗಾಳಿಯಲ್ಲಿ ಇರಬಾರದ್ದು ಏನಾದರೂ ಇದೆಯೇ? ಮೂರನೆಯದಕ್ಕೆ ಕೆಲವೇ ತಿಂಗಳಲ್ಲಿ ಖಚಿತವಾದ ಉತ್ತರ ಸಿಗುತ್ತದೆ. ಮೊದಲನೆಯದಕ್ಕೆ ವರ್ಷವೋ ಎರಡು ವರ್ಷವೋ ಹಿಡಿಯುತ್ತದೆ, ಆಗಲೂ ಉತ್ತರ ಮಸುಕಾಗಿಯೇ ಇರಬಹುದು. ಎರಡನೆಯದು ಬಹುಪಾಲು ಕಡೆ ಬಗೆಹರಿಯುವುದೇ ಇಲ್ಲ. ಜನ ಮಾತ್ರ ಯಾವಾಗಲೂ ಎರಡನೆಯದರಿಂದಲೇ ಶುರು ಮಾಡುತ್ತಾರೆ, ಅಲ್ಲೇ ದಣಿಯುತ್ತಾರೆ. ನನ್ನ ಸಲಹೆ ಮೂರನೆಯದನ್ನು ಮುಂದಿಟ್ಟುಕೊಳ್ಳಿ ಎಂಬುದು. ಬಾವಿಯಲ್ಲಿ ಬೆಂಜೀನ್ ಎಂಬ ದ್ರಾವಕ ಮಿತಿಗಿಂತ ಹೆಚ್ಚು ಸಿಕ್ಕರೆ ಆ ಬಾವಿ ನಿಲ್ಲಿಸಿ ಎಂದು ಕೇಳುವುದಕ್ಕೆ ಒಬ್ಬರ ಕ್ಯಾನ್ಸರನ್ನೂ ಅದರ ತಲೆಗೆ ಕಟ್ಟಬೇಕಾಗಿಲ್ಲ.

ಮೊದಲೇ ಗೊತ್ತಿರಬೇಕಾದ ಒಂದು ಸಂಗತಿ ಇದೆ. ಅಮೆರಿಕದಲ್ಲಿ ಎರಡು ದಶಕಗಳಲ್ಲಿ ನಡೆದ ಇಂಥ 428 ತನಿಖೆಗಳನ್ನು 2012ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಜನ ಅನುಮಾನಪಟ್ಟಿದ್ದ ಕ್ಯಾನ್ಸರ್ ಬಗೆಗಳು 567. ನಿಜಕ್ಕೂ ಹೆಚ್ಚಳ ಕಂಡದ್ದು 72ರಲ್ಲಿ. ಯಾವುದೋ ಒಂದು ಮಾಲಿನ್ಯದ ಜೊತೆ ನಂಟು ಕಂಡದ್ದು ಮೂರರಲ್ಲಿ. ಕಾರಣ ಸ್ಪಷ್ಟವಾಗಿ ಸಿಕ್ಕಿದ್ದು ಒಂದೇ ಒಂದರಲ್ಲಿ. ಕಾರಣ ಸಿಗದೆ ಹೋದದ್ದಕ್ಕೆ ಒಂದು ಉದಾಹರಣೆ ಹೇಳುತ್ತೇನೆ: ಅಮೆರಿಕದ ನೆವಾಡಾ ರಾಜ್ಯದ ಫಾಲನ್ ಎಂಬ ಸಣ್ಣ ಪಟ್ಟಣದಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್ ಹೆಚ್ಚಾಗಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ನೀರು, ದೂಳು, ರಕ್ತ, ಮೂತ್ರ ಎಲ್ಲ ಪರೀಕ್ಷಿಸಿದರೂ ಕಾರಣ ಸಿಗಲಿಲ್ಲ. ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚಲು ಇದನ್ನು ಹೇಳುತ್ತಿಲ್ಲ. ಕಾರಣ ಸಿಗಲಿಲ್ಲ ಅಂದರೆ ಮಾಲಿನ್ಯ ಇಲ್ಲ ಎಂದು ಅರ್ಥವಲ್ಲ. ಸಣ್ಣ ಊರಿನ ಸಣ್ಣ ಸಂಖ್ಯೆಗಳು ಅಷ್ಟು ಭಾರ ಹೊರಲಾರವು ಎಂದಷ್ಟೇ ಅರ್ಥ.

ಜನರೇ ಶುರು ಮಾಡಿ ಗುರಿ ಮುಟ್ಟಿಸಿದ ಉದಾಹರಣೆಗಳೂ ಇವೆ. ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ರಕ್ತದ ಕ್ಯಾನ್ಸರ್ ಬಂದ ಮಕ್ಕಳ ತಾಯಂದಿರು ನಲ್ಲಿ ನೀರಿನ ಬಗ್ಗೆ ವರ್ಷಗಟ್ಟಲೆ ಕೇಳುತ್ತಲೇ ಇದ್ದರು. 1979ರಲ್ಲಿ ಪಟ್ಟಣದ ಎರಡು ಬಾವಿಗಳಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಪತ್ತೆಯಾಗಿ ಅವನ್ನು ಮುಚ್ಚಿದರು. 1969ರಿಂದ 1979ರವರೆಗೆ ಅಲ್ಲಿ 12 ಮಕ್ಕಳಿಗೆ ಕಾಯಿಲೆ ಬಂದಿತ್ತು. ಸಾಮಾನ್ಯ ದರದ ಪ್ರಕಾರ ಐದೂ ಚಿಲ್ಲರೆ ಬರಬೇಕಿತ್ತು. ಸರ್ಕಾರದ ಮೊದಲ ವರದಿ ‘ಹೆಚ್ಚಿದೆ, ಆದರೆ ನೀರಿಗೆ ಗಂಟು ಹಾಕಲಾಗದು’ ಅಂದಿತು. ನಿವಾಸಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞರ ಜೊತೆ ಸೇರಿದರು, ತರಬೇತಿ ಪಡೆದ ಸ್ವಯಂಸೇವಕರು ಫೋನ್ ಮೂಲಕ ಮನೆಮನೆಯ ಮಾಹಿತಿ ತೆಗೆದರು. ಆ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ಆಮೇಲೆ ಆರೋಗ್ಯ ಇಲಾಖೆಯೇ ಕಾಯಿಲೆ ಬಂದ 19 ಮಕ್ಕಳನ್ನು 37 ಆರೋಗ್ಯವಂತ ಮಕ್ಕಳ ಜೊತೆ ಹೋಲಿಸಿ, ಗರ್ಭಿಣಿಯಾಗಿದ್ದಾಗ ತಾಯಿ ಆ ಬಾವಿಗಳ ನೀರು ಕುಡಿದಿದ್ದರೆ ಮಗುವಿಗೆ ಅಪಾಯ ಹೆಚ್ಚು ಎಂದು ಕಂಡಿತು. ಆ ಕೆಲಸವನ್ನು ಸಾಧ್ಯವಾಗಿಸಿದ್ದು ರೋಗಿಗಳ ನಕ್ಷೆಯಲ್ಲ, ಪೈಪಿನ ನಕ್ಷೆ. ಯಾವ ತಿಂಗಳು ಯಾವ ಬಾವಿಯ ನೀರು ಯಾವ ಬೀದಿಗೆ ಎಷ್ಟು ಪಾಲು ಹೋಗುತ್ತಿತ್ತು ಎಂಬ ಲೆಕ್ಕ ಸಿಕ್ಕಿದ್ದರಿಂದ, ಒಂದೇ ಊರಿನ ಜನರನ್ನು ಹೆಚ್ಚು ಕುಡಿದವರು, ಕಡಿಮೆ ಕುಡಿದವರು, ಕುಡಿಯದವರು ಎಂದು ಬೇರ್ಪಡಿಸಲು ಬಂತು.

ಎಣಿಕೆ

ಈಗ ನಿಮ್ಮ 40ಕ್ಕೆ ಬರೋಣ. ಕ್ಯಾನ್ಸರ್ ಮುಖ್ಯವಾಗಿ ವಯಸ್ಸಿನ ಜೊತೆ ಏರುವ ಕಾಯಿಲೆ. ಲೆಕ್ಕ ಹೇಗೆಂದು ತೋರಿಸಲು ಮೂರು ದರಗಳನ್ನು ಇಟ್ಟುಕೊಳ್ಳುತ್ತೇನೆ (ಇವು ಉದಾಹರಣೆಗೆ ಮಾತ್ರ, ನಿಮ್ಮದಕ್ಕೆ ನಿಮ್ಮ ಪ್ರದೇಶದ ಕ್ಯಾನ್ಸರ್ ನೋಂದಣಿಯ ದರವನ್ನೇ ಹಾಕಬೇಕು): 40ರೊಳಗಿನವರಲ್ಲಿ ವರ್ಷಕ್ಕೆ ಲಕ್ಷಕ್ಕೆ 20, 40ರಿಂದ 59ರವರೆಗೆ 150, 60 ದಾಟಿದವರಲ್ಲಿ 500.

ಒಂದು ಬಡಾವಣೆಯಲ್ಲಿ ಈ ಮೂರು ಗುಂಪುಗಳಲ್ಲಿ 3,600, 1,500 ಮತ್ತು 900 ಜನ ಇದ್ದಾರೆ ಎಂದುಕೊಳ್ಳಿ. ಹತ್ತು ವರ್ಷಕ್ಕೆ ಮೊದಲ ಗುಂಪಿನಲ್ಲಿ 36,000 ಜನ-ವರ್ಷ (ಜನರ ಸಂಖ್ಯೆಯನ್ನು ವರ್ಷಗಳಿಂದ ಗುಣಿಸಿದ್ದು), ನಿರೀಕ್ಷೆ 7.2. ಎರಡನೆಯದರಲ್ಲಿ 22.5. ಮೂರನೆಯದರಲ್ಲಿ 45. ಕೂಡಿದರೆ ಸುಮಾರು 75. ಇನ್ನೊಂದು ಬಡಾವಣೆಯಲ್ಲೂ 6,000 ಜನವೇ, ಆದರೆ ಎಳೆಯ ಕುಟುಂಬಗಳು ಜಾಸ್ತಿ: 4,500, 1,200, 300. ಅದೇ ದರಗಳ ಪ್ರಕಾರ 9, 18, 15, ಒಟ್ಟು 42. ಯಾವ ವಿಷವೂ ಇಲ್ಲದೆ, ಬರೀ ವಯಸ್ಸಿನ ವ್ಯತ್ಯಾಸದಿಂದ ಒಂದು ಕಡೆ 75, ಇನ್ನೊಂದು ಕಡೆ 42. ಹಾಗಾಗಿ ‘6,000 ಜನರಲ್ಲಿ 40 ಕ್ಯಾನ್ಸರ್’ ಎಂಬ ವಾಕ್ಯ ಒಂದರಿಂದಲೇ ಏನೂ ತಿಳಿಯುವುದಿಲ್ಲ. ಅದನ್ನು ಕೇಳಿದವರ ಮನಸ್ಸು ಕಲಕುತ್ತದೆ ನಿಜ, ಆದರೆ ಅಧಿಕಾರಿಯ ಮುಂದೆ ಅದೊಂದನ್ನೇ ಹಿಡಿದು ಹೋದರೆ ಮೊದಲ ಸಭೆಯಲ್ಲೇ ಕೇಸು ಬಿದ್ದುಹೋಗುತ್ತದೆ.

ನಿಮ್ಮ ಎಂಟು ರಕ್ತದ ಕ್ಯಾನ್ಸರ್ ಬೇರೆ ಮಾತು. ಉದಾಹರಣೆಗೆ ವರ್ಷಕ್ಕೆ ಲಕ್ಷಕ್ಕೆ ಆರು ಎಂಬ ದರ ಹಿಡಿದರೆ 60,000 ಜನ-ವರ್ಷಕ್ಕೆ 3.6 ಬರಬೇಕು. ಬಂದಿರುವುದು 8. ಬಂದದ್ದನ್ನು ಬರಬೇಕಾದದ್ದರಿಂದ ಭಾಗಿಸಿದರೆ 2.2, ಅಂದರೆ ಎರಡು ಪಟ್ಟಿಗಿಂತ ತುಸು ಹೆಚ್ಚು. ಆದರೆ ಎಂಟು ಎಂಬುದು ಸಣ್ಣ ಸಂಖ್ಯೆ, ಅದರ ಸುತ್ತಲಿನ ಅನಿಶ್ಚಿತತೆ ದೊಡ್ಡದು. 95 ಪ್ರತಿಶತ ವಿಶ್ವಾಸದ ವ್ಯಾಪ್ತಿ, ಅಂದರೆ ನಿಜವಾದ ಪಟ್ಟು ಬಹುತೇಕ ಇರಬಹುದಾದ ಮಿತಿಗಳು, 0.96ರಿಂದ 4.4. ಕೆಳಗಿನ ತುದಿ ಒಂದಕ್ಕಿಂತ ಕಡಿಮೆ ಇರುವುದರಿಂದ ‘ಹೆಚ್ಚಳ ಇಲ್ಲದೆಯೂ ಇರಬಹುದು’ ಎಂಬ ಬಾಗಿಲು ತೆರೆದೇ ಇದೆ. ಇನ್ನೊಂದು ರೀತಿ ನೋಡಿ. 3.6 ನಿರೀಕ್ಷೆ ಇರುವ ಇಂಥ ನೂರು ಬಡಾವಣೆಗಳಿದ್ದರೆ, ಬರೀ ಅದೃಷ್ಟದ ಆಟದಿಂದಲೇ ಸುಮಾರು ಮೂರರಲ್ಲಿ ಎಂಟು ಅಥವಾ ಅದಕ್ಕಿಂತ ಹೆಚ್ಚು ಪ್ರಕರಣಗಳು ಸಿಗುತ್ತವೆ. ಆ ಮೂರು ಬಡಾವಣೆಯವರು ಪ್ರಶ್ನೆ ಕೇಳುತ್ತಾರೆ, ಉಳಿದ 97ರವರು ಕೇಳುವುದಿಲ್ಲ. ‘ಕಾಕತಾಳೀಯ’ ಎಂಬ ಮಾತಿನ ಹಿಂದಿರುವ ನಿಜವಾದ ತರ್ಕ ಇದು. ಅದನ್ನು ತಳ್ಳಿಹಾಕಬೇಡಿ, ಉತ್ತರ ಕೊಡುವ ಹಾಗೆ ಸಿದ್ಧವಾಗಿ.

ಉತ್ತರ ಕೊಡುವ ಮೊದಲ ಹೆಜ್ಜೆ ಗಡಿಯನ್ನು ಎಣಿಸುವ ಮುಂಚೆಯೇ ಗೊತ್ತುಮಾಡುವುದು. ರೋಗಿಗಳಿರುವ ಮನೆಗಳಿಗೆ ಚುಕ್ಕಿ ಇಟ್ಟು, ಆಮೇಲೆ ಚುಕ್ಕಿಗಳ ಸುತ್ತ ಗೆರೆ ಎಳೆದರೆ ಅದು ಗೋಡೆಗೆ ಬಾಣ ಬಿಟ್ಟು ಬಾಣದ ಸುತ್ತ ಗುರಿ ಬರೆದ ಹಾಗೆ. ಯಾವ ಗೋಡೆಯ ಮೇಲೂ ಆಗ ಗುರಿ ತಪ್ಪುವುದಿಲ್ಲ. ನಿಮಗೆ ನೀರಿನ ಮೇಲೆ ಅನುಮಾನವಿದ್ದರೆ ಗಡಿ ಎಂದರೆ ಆ ಕೊಳವೆಬಾವಿ ಅಥವಾ ಆ ಟ್ಯಾಂಕಿನ ನೀರು ತಲುಪುವ ಮನೆಗಳಷ್ಟೂ. ವಾರ್ಡಿನ ಗೆರೆ, ರಸ್ತೆಯ ಹೆಸರು ಲೆಕ್ಕಕ್ಕಿಲ್ಲ. ಅವಧಿ, ಕ್ಯಾನ್ಸರಿನ ಬಗೆ, ‘ನಿವಾಸಿ’ ಅಂದರೆ ಕನಿಷ್ಠ ಎಷ್ಟು ವರ್ಷ ಇದ್ದವರು, ಇಷ್ಟನ್ನೂ ಬರೆದು, ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ, ಆಮೇಲೆ ಎಣಿಕೆಗೆ ಇಳಿಯಿರಿ. ನಡುವೆ ಬದಲಾಯಿಸಬೇಕಾಗಿ ಬಂದರೆ ಯಾಕೆ ಬದಲಾಯಿಸಿದಿರಿ ಎಂಬುದನ್ನೂ ಬರೆದಿಡಿ.

‘ರಕ್ತದ ಕ್ಯಾನ್ಸರ್’ ಎಂಬುದು ಒಂದು ಕಾಯಿಲೆಯ ಹೆಸರೂ ಅಲ್ಲ. ತೀವ್ರ ಮತ್ತು ದೀರ್ಘಕಾಲೀನ ಲ್ಯುಕೇಮಿಯಾಗಳು, ಲಿಂಫೋಮಾ, ಮೈಲೋಮಾ ಎಲ್ಲವನ್ನೂ ಜನ ಹಾಗೆಯೇ ಕರೆಯುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಬೆಂಜೀನ್‌ಗೆ ಗಟ್ಟಿ ಪುರಾವೆ ಇರುವುದು ತೀವ್ರ ಮೈಲಾಯ್ಡ್ ಲ್ಯುಕೇಮಿಯಾಕ್ಕೆ. ಟ್ರೈಕ್ಲೋರೋಎಥಿಲೀನ್‌ಗೆ ಗಟ್ಟಿ ಪುರಾವೆ ಮೂತ್ರಪಿಂಡದ ಕ್ಯಾನ್ಸರಿಗೆ. ಲಿಂಫೋಮಾ ಮತ್ತು ಯಕೃತ್ತಿನ ಕ್ಯಾನ್ಸರಿಗೆ ಇರುವುದು ಸೀಮಿತ ಪುರಾವೆ. ಆರ್ಸೆನಿಕ್ ಶ್ವಾಸಕೋಶ, ಮೂತ್ರಕೋಶ, ಚರ್ಮಕ್ಕೆ. ವಿನೈಲ್ ಕ್ಲೋರೈಡ್ ಯಕೃತ್ತಿನ ಒಂದು ಅಪರೂಪದ ಗೆಡ್ಡೆಗೆ. ಎಂಟರಲ್ಲಿ ಎಂಟೂ ಒಂದೇ ಬಗೆಯಾದರೆ ಅದರ ತೂಕ ಬೇರೆ, ಐದು ಬಗೆಯಾಗಿ ಹಂಚಿಹೋದರೆ ಬೇರೆ. ಅಪರೂಪದ ಗೆಡ್ಡೆ ಬೇಗ ಗುಟ್ಟು ಬಿಟ್ಟುಕೊಡುತ್ತದೆ: ಟರ್ಕಿಯ ಕರಾಯಿನ್ ಹಳ್ಳಿಯಲ್ಲಿ ಮೀಸೋಥೀಲಿಯೋಮಾ (ಶ್ವಾಸಕೋಶದ ಹೊದಿಕೆಯಲ್ಲಿ ಹುಟ್ಟುವ ಕ್ಯಾನ್ಸರ್) ಕಂಡಾಗ, ಬೇರೆಡೆ ಅಷ್ಟು ವಿರಳವಾದ ಕಾಯಿಲೆ ಇಲ್ಲಿ ಯಾಕೆ ಎಂಬ ಪ್ರಶ್ನೆ ಮನೆ ಕಟ್ಟಿದ ಕಲ್ಲಿನಲ್ಲಿದ್ದ ಎರಿಯೋನೈಟ್ ಎಂಬ ಖನಿಜದ ಎಳೆಗಳಿಗೆ ಕರೆದೊಯ್ದಿತು.

ಆದ್ದರಿಂದ ಪ್ರತಿ ಪ್ರಕರಣಕ್ಕೂ ಬಯಾಪ್ಸಿ ಅಥವಾ ಮೂಳೆಮಜ್ಜೆಯ ರಿಪೋರ್ಟು ನೋಡಿ. ಮನೆಯವರ ನೆನಪು, ಮರಣ ಪ್ರಮಾಣಪತ್ರ ಎರಡೂ ಸಾಲವು. ‘ಲಿವರ್ ಕ್ಯಾನ್ಸರ್’ ಅಂದದ್ದು ಎಷ್ಟೋ ಸಲ ಕರುಳಿನಿಂದಲೋ ಸ್ತನದಿಂದಲೋ ಹರಡಿ ಬಂದದ್ದಾಗಿರುತ್ತದೆ. ಮೆದುಳು, ಮೂಳೆ, ಶ್ವಾಸಕೋಶದ ಬಗ್ಗೆಯೂ ಇದೇ ಎಚ್ಚರ ಬೇಕು. ನಿಮಗೆ ಬೇಕಾದದ್ದು ಕಾಯಿಲೆ ಹುಟ್ಟಿದ ಅಂಗ, ಪತ್ತೆಯಾದ ತಿಂಗಳು ಮತ್ತು ವರ್ಷ, ಆಗಿನ ವಯಸ್ಸು, ಆಗಿನ ವಿಳಾಸ. ಸತ್ತ ದಿನಾಂಕದ ಮೇಲೆ ಎಣಿಸಿದರೆ ಗುಣವಾದವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಈಗ ಬದುಕಿರುವ ರೋಗಿಗಳನ್ನಷ್ಟೇ ಎಣಿಸಿದರೆ ಬೇಗ ತೀರಿಕೊಂಡವರು ಬಿಟ್ಟುಹೋಗುತ್ತಾರೆ. ಹೊಸದಾಗಿ ಪತ್ತೆಯಾದ ಪ್ರಕರಣಗಳನ್ನು ವರ್ಷವಾರು ಎಣಿಸುವುದೇ ಸರಿ.

ತಪಾಸಣೆ ಹೆಚ್ಚಾದರೂ ಸಂಖ್ಯೆ ಏರುತ್ತದೆ. ದಕ್ಷಿಣ ಕೊರಿಯಾದಲ್ಲಿ ಅಲ್ಟ್ರಾಸೌಂಡ್ ತಪಾಸಣೆ ಹರಡಿದ ಮೇಲೆ ಥೈರಾಯ್ಡ್ ಕ್ಯಾನ್ಸರ್ 1993ರಿಂದ 2011ರೊಳಗೆ 15 ಪಟ್ಟು ಏರಿತು, ಸಾವು ಮಾತ್ರ ಏರಲೇ ಇಲ್ಲ. ನಿಮ್ಮಲ್ಲಿ ಈ ಅವಧಿಯಲ್ಲಿ ಉಚಿತ ತಪಾಸಣಾ ಶಿಬಿರವೋ ಹೊಸ ಆಸ್ಪತ್ರೆಯೋ ಬಂದಿದ್ದರೆ ಅದನ್ನೂ ಟಿಪ್ಪಣಿ ಮಾಡಿ.

ಮನೆಮನೆ ಸಮೀಕ್ಷೆ

ರೋಗಿಗಳಿರುವ ಮನೆಗೆ ಮಾತ್ರ ಹೋಗುವುದು ಎಲ್ಲರೂ ಮಾಡುವ ತಪ್ಪು. ಕಾಯಿಲೆ ಇಲ್ಲದ ಮನೆಯಿಂದಲೂ ಅದೇ ಪ್ರಶ್ನೆಗಳಿಗೆ ಉತ್ತರ ಬೇಕು, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಎಲ್ಲ ಮನೆಗಳ ಪಟ್ಟಿ ಮಾಡಿ, ಬೀಗ ಹಾಕಿದ್ದಕ್ಕೆ ಮೂರು ಸಲ ಹೋಗಿ, ಉತ್ತರಿಸಲು ಒಪ್ಪದವರನ್ನು ‘ಒಪ್ಪಲಿಲ್ಲ’ ಎಂದೇ ದಾಖಲಿಸಿ. ಹತ್ತರಲ್ಲಿ ಎಂಟು ಮನೆಯಾದರೂ ಸಿಗಲಿ. ಅರ್ಧಕ್ಕೆ ನಿಂತರೆ, ಕಾಯಿಲೆ ಇದ್ದವರೇ ಮುಂದೆ ಬಂದು ಹೇಳಿದ್ದಾರೆ, ಇಲ್ಲದವರು ಬಾಗಿಲು ತೆಗೆದಿಲ್ಲ ಎಂಬ ಆಕ್ಷೇಪಕ್ಕೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಮನೆ ಬಿಟ್ಟು ಹೋದವರನ್ನು ಮರೆಯಬೇಡಿ. ಹದಿನೈದು ವರ್ಷ ಇಲ್ಲಿ ನೀರು ಕುಡಿದು, ಬೇರೆ ಊರಿಗೆ ಹೋಗಿ ಅಲ್ಲಿ ಕಾಯಿಲೆ ಬಿದ್ದವರು ನಿಮ್ಮ ಪ್ರಶ್ನೆಗೆ ಸೇರಿದವರು. ಕಳೆದ ವರ್ಷ ಬಾಡಿಗೆಗೆ ಬಂದು ಈ ವರ್ಷ ರೋಗ ಪತ್ತೆಯಾದವರು ಬಹುತೇಕ ಸೇರಿದವರಲ್ಲ. ಕ್ಯಾನ್ಸರ್ ಹುಟ್ಟಲು ಕಾಲ ಬೇಕು: ಲ್ಯುಕೇಮಿಯಾಕ್ಕೆ ಕೆಲವು ವರ್ಷಗಳಾದರೂ, ಗೆಡ್ಡೆಗಳಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕಿಂತ ಹೆಚ್ಚು, ಕಲ್ನಾರಿನಿಂದ ಬರುವ ಮೀಸೋಥೀಲಿಯೋಮಾಕ್ಕೆ 20ರಿಂದ 50 ವರ್ಷ. ಚಿಲಿ ದೇಶದ ಆಂಟೊಫಗಸ್ಟಾದಲ್ಲಿ 1958ರಿಂದ 1970ರವರೆಗೆ ನೀರಿನಲ್ಲಿ ಲೀಟರಿಗೆ ಸುಮಾರು 860 ಮೈಕ್ರೋಗ್ರಾಂ ಆರ್ಸೆನಿಕ್ ಇತ್ತು. 1970ರಲ್ಲಿ ಶುದ್ಧೀಕರಣ ಘಟಕ ಬಂತು. ಆದರೂ ಶ್ವಾಸಕೋಶ ಮತ್ತು ಮೂತ್ರಕೋಶ ಕ್ಯಾನ್ಸರಿನ ಸಾವುಗಳು 20 ವರ್ಷ ಕಳೆದ ಮೇಲೂ ಏರಿಯೇ ಇದ್ದವು. ಹಾಗಾಗಿ ವಿಳಾಸದ ಇತಿಹಾಸ, ವರ್ಷವಾರು ನೀರಿನ ಮೂಲ, ಉದ್ಯೋಗದ ಇತಿಹಾಸ, ತಂಬಾಕು, ಹಿಂದೆ ಪಡೆದ ವಿಕಿರಣ ಚಿಕಿತ್ಸೆ, ಇವು ಪ್ರಶ್ನಾವಳಿಯಲ್ಲಿ ಇರಲೇಬೇಕು. ತಂಬಾಕಿನ ಪ್ರಶ್ನೆ ಕೇಳಿದರೆ ಕಾರ್ಖಾನೆಯವರಿಗೆ ಅನುಕೂಲವಾಗುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಆದರೆ ಆ ಮಾಹಿತಿ ಇಲ್ಲದ ಅಧ್ಯಯನವನ್ನೇ ಸುಲಭವಾಗಿ ತಳ್ಳಿಹಾಕುವುದು.

ಪ್ರಶ್ನೆ ಕೇಳುವ ದನಿಯಲ್ಲೂ ಉತ್ತರ ಅಡಗಿರುತ್ತದೆ. ‘ಕಾರ್ಖಾನೆ ವಾಸನೆಯಿಂದ ತೊಂದರೆ ಆಗಿದೆಯಾ?’ ಎಂದು ಕೇಳಬೇಡಿ. ‘1998ರಿಂದ ಈಚೆಗೆ ಕುಡಿಯಲು ಯಾವ ಯಾವ ನೀರು ಬಳಸಿದ್ದೀರಿ?’ ಎಂದು ಕೇಳಿ. ಆದಷ್ಟು ಮಟ್ಟಿಗೆ, ಕೇಳುವವರಿಗೆ ಆ ಮನೆಯಲ್ಲಿ ರೋಗಿ ಇದ್ದಾರೋ ಇಲ್ಲವೋ ಗೊತ್ತಿರಬಾರದು. ಕಾಯಿಲೆಯ ಪ್ರಶ್ನೆ ಕೊನೆಯ ಪುಟದಲ್ಲಿರಲಿ. ಮೊದಲು 20 ಮನೆಗಳಲ್ಲಿ ಪ್ರಯೋಗ ಮಾಡಿ, ಜನ ತಪ್ಪು ತಿಳಿದುಕೊಂಡ ಪ್ರಶ್ನೆಗಳನ್ನು ತಿದ್ದಿಕೊಳ್ಳಿ.

ಇದಕ್ಕೂ ಮುಂಚೆ ಒಂದು ಕೆಲಸವಿದೆ: ವಿಶ್ವವಿದ್ಯಾಲಯ ಅಥವಾ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ. ಮಾಹಿತಿ ಸಂಗ್ರಹಿಸಿದ ಮೇಲೆ ಇದನ್ನು ಹಿಂದಿನ ದಿನಾಂಕಕ್ಕೆ ಪಡೆಯಲು ಬರುವುದಿಲ್ಲ. ಒಪ್ಪಿಗೆ ಇಲ್ಲದ ದತ್ತಾಂಶವನ್ನು ಯಾವ ಸಂಶೋಧಕರೂ ಮುಟ್ಟುವುದಿಲ್ಲ, ಯಾವ ವೈದ್ಯಕೀಯ ನಿಯತಕಾಲಿಕವೂ ಪ್ರಕಟಿಸುವುದಿಲ್ಲ. ವರ್ಷದ ಶ್ರಮ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಗುತ್ತದೆ. ಹಾಗಾಗಿ ಒಬ್ಬ ಎಪಿಡೆಮಿಯಾಲಜಿಸ್ಟ್ (ಜನಸಮೂಹದಲ್ಲಿ ಕಾಯಿಲೆಗಳ ಲೆಕ್ಕ ಮತ್ತು ಕಾರಣ ಹುಡುಕುವ ತಜ್ಞ) ಅವರನ್ನೋ ಸಮುದಾಯ ವೈದ್ಯ ವಿಭಾಗದವರನ್ನೋ ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ. ಪ್ರಶ್ನೆ ನಿಮ್ಮದೇ ಆಗಿರಲಿ, ವಿಧಾನಕ್ಕೆ ಅವರ ಕಣ್ಣು ಬೇಕು.

ಪೈಪು, ಬಾವಿ, ಬಾಟಲಿ

ನಿಮ್ಮ ಇಪ್ಪತ್ತು ಜನರಲ್ಲಿ ಕನಿಷ್ಠ ಎಂಟು ಜನ ಇದಕ್ಕೇ ಮೀಸಲಾಗಲಿ. ಊರಿನವರಿಗೆ ಇಲ್ಲಿರುವ ಬಲ ಹೊರಗಿನ ಯಾವ ವಿಜ್ಞಾನಿಗೂ ಇಲ್ಲ. ಯಾವ ಬಾವಿ ಯಾವ ವರ್ಷ ಕೊರೆದದ್ದು, ಎಷ್ಟು ಆಳ, ಯಾವಾಗ ಕೆಟ್ಟಿತು, ಬೇಸಿಗೆಯಲ್ಲಿ ಯಾವ ಟ್ಯಾಂಕಿನಿಂದ ಎಲ್ಲಿಗೆ ತಿರುಗಿಸುತ್ತಾರೆ ಎಂಬುದು ವಾಲ್ವ್ ತಿರುಗಿಸುವವರ ತಲೆಯಲ್ಲಿ ಇರುತ್ತದೆ, ಕಡತದಲ್ಲಿ ಇರುವುದಿಲ್ಲ. ಅವರ ಜೊತೆ ಎರಡು ದಿನ ನಡೆದು ನಕ್ಷೆ ಬರೆಯಿರಿ. ಕಾರ್ಖಾನೆಯ ನಿವೃತ್ತ ಕೆಲಸಗಾರರನ್ನು ಕೇಳಿ: ಯಾವ ಡ್ರಮ್ಮಿನ ಮೇಲೆ ಯಾವ ಹೆಸರಿತ್ತು, ತೊಳೆದ ನೀರು ಎಲ್ಲಿಗೆ ಹೋಗುತ್ತಿತ್ತು, ಹೂತದ್ದು ಎಲ್ಲಿ. ಪರವಾನಗಿ, ತ್ಯಾಜ್ಯ ವಿಲೇವಾರಿ ಪತ್ರಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಪಟ್ಟಿ ಸಿಕ್ಕ ಮೇಲೆ ಮಾತ್ರ ಲ್ಯಾಬಿಗೆ ಹೋಗಿ, ಯಾಕೆಂದರೆ ‘ನೀರು ಪರೀಕ್ಷೆ ಮಾಡಿ’ ಎಂದಷ್ಟೇ ಹೇಳಿದರೆ ಗಡಸುತನ, ಕ್ಲೋರೈಡ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿ ‘ಕುಡಿಯಲು ಯೋಗ್ಯ’ ಎಂದು ಕೊಡುತ್ತಾರೆ. ದ್ರಾವಕಗಳನ್ನು ಅವರು ಹುಡುಕಿಯೇ ಇರುವುದಿಲ್ಲ.

ಕಾರ್ಖಾನೆಗೆ ಹತ್ತಿರದ ಬಾವಿಯೇ ಕೆಟ್ಟಿರಬೇಕು ಎಂದೂ ಇಲ್ಲ. ನೆಲದಡಿಯ ನೀರು ಇಳಿಜಾರಿನತ್ತ ಹರಿಯುತ್ತದೆ. ಬಂಡೆಯ ಬಿರುಕುಗಳಲ್ಲಿ ಊಹಿಸದ ಕಡೆಗೂ ತಿರುಗುತ್ತದೆ. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ, ಕೆಳಗೆ ಮುಳುಗುತ್ತದೆ; ಹಾಗಾಗಿ ತೆರೆದ ಬಾವಿ ಶುದ್ಧವಿದ್ದು ಆಳದ ಕೊಳವೆಬಾವಿ ಕೆಟ್ಟಿರಬಹುದು. ಬೆಂಜೀನ್, ಪೆಟ್ರೋಲ್ ಹಗುರ, ಮೇಲೆ ತೇಲುತ್ತವೆ. ಮಾದರಿ ತೆಗೆಯುವ ಜಾಗಗಳಲ್ಲಿ ಕಾರ್ಖಾನೆಯ ಮೇಲ್ಭಾಗದ ಒಂದೆರಡು ಬಾವಿಗಳೂ ಇರಲಿ. ಅವು ಶುದ್ಧವಾಗಿದ್ದು ಕೆಳಭಾಗದವು ಕೆಟ್ಟಿದ್ದರೆ ಆಗ ಮಾತಿಗೆ ಬಲ ಬರುತ್ತದೆ.

ದ್ರಾವಕಗಳ ಮಾದರಿ ತೆಗೆಯುವುದರಲ್ಲೇ ಎಷ್ಟೋ ಪರೀಕ್ಷೆಗಳು ಹಾಳಾಗುತ್ತವೆ, ಅದನ್ನು ವಿವರವಾಗಿ ಹೇಳುತ್ತೇನೆ. ಲ್ಯಾಬಿನಿಂದ 40 ಮಿಲಿ ಲೀಟರಿನ ಗಾಜಿನ ಸೀಸೆಗಳನ್ನು, ಒಳಗೆ ಟೆಫ್ಲಾನ್ ಪದರವಿರುವ ಮುಚ್ಚಳದೊಂದಿಗೆ ತರಿಸಿ. ಒಳಗೆ ಸಂರಕ್ಷಣೆಗೆಂದು ಕೆಲವು ಹನಿ ಆಮ್ಲ ಹಾಕಿರುತ್ತಾರೆ, ತೊಳೆಯಬೇಡಿ. ನೀರಿಗೆ ಕ್ಲೋರಿನ್ ಹಾಕುತ್ತಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ, ಅದನ್ನು ತಟಸ್ಥಗೊಳಿಸುವ ಪುಡಿ ಬೇರೆ ಕೊಡುತ್ತಾರೆ. ಓವರ್‌ಹೆಡ್ ಟ್ಯಾಂಕಿನ ನೀರಲ್ಲಿ ದ್ರಾವಕ ಆವಿಯಾಗಿ ಹೋಗಿರುತ್ತದೆ, ಆದ್ದರಿಂದ ಪಂಪಿನ ಹತ್ತಿರದ ನಲ್ಲಿಯಿಂದ ಒಂದು, ಮನೆಯ ನಲ್ಲಿಯಿಂದ ಒಂದು ತೆಗೆಯಿರಿ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ನೀರಿನ ತಂಪು ಒಂದೇ ಸಮ ಆಗುವವರೆಗೆ ಹರಿಸಿ, ಆಮೇಲೆ ಧಾರೆಯನ್ನು ಪೆನ್ಸಿಲ್ ದಪ್ಪಕ್ಕೆ ಇಳಿಸಿ. ಸೀಸೆಯನ್ನು ಓರೆಯಾಗಿ ಹಿಡಿದು ಒಳಗೋಡೆಯ ಮೇಲೆ ನೀರು ಜಾರುವಂತೆ ತುಂಬಿ. ಮೇಲಿಂದ ಧುಮುಕಿದರೆ ನೊರೆ ಎದ್ದು ದ್ರಾವಕ ಹಾರಿಹೋಗುತ್ತದೆ. ಬಾಯಿಯ ಮೇಲೆ ನೀರು ಗುಮ್ಮಟದಂತೆ ಉಬ್ಬಿ ನಿಲ್ಲಬೇಕು, ತುಳುಕಬಾರದು. ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆರಳಿಂದ ತಟ್ಟಿ. ಒಳಗೆ ಗುಳ್ಳೆ ಓಡಾಡಿದರೆ ಆ ಸೀಸೆ ಬಿಟ್ಟು ಇನ್ನೊಂದು ತುಂಬಿ. ಪ್ರತಿ ಜಾಗದಲ್ಲೂ ಎರಡು ಮೂರು ಸೀಸೆ. ತಕ್ಷಣ ಐಸ್ ಪೆಟ್ಟಿಗೆಗೆ, 4 ಡಿಗ್ರಿ ಸೆಲ್ಸಿಯಸ್ ಹತ್ತಿರ, 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ಅಂದು ಕೈಗೆ ಸೆಂಟು, ಉಗುರು ಬಣ್ಣ ಬೇಡ. ಪೆಟ್ರೋಲ್ ಕ್ಯಾನ್ ಇರುವ ಡಿಕ್ಕಿಯಲ್ಲಿ ಪೆಟ್ಟಿಗೆ ಇಡಬೇಡಿ. ಘಾಟು ವಾಸನೆಯ ಮಾರ್ಕರ್ ಪೆನ್ನಿನಿಂದ ಲೇಬಲ್ ಬರೆಯಬೇಡಿ.

ಲ್ಯಾಬಿನಲ್ಲೇ ಶುದ್ಧ ನೀರು ತುಂಬಿದ ಒಂದು ಸೀಸೆ ನಿಮ್ಮ ಪೆಟ್ಟಿಗೆಯಲ್ಲೇ ಹೋಗಿ ಬರಬೇಕು, ಅದನ್ನು ತೆರೆಯಬಾರದು. ಅದರಲ್ಲೂ ಬೆಂಜೀನ್ ಬಂದರೆ ಅದು ಬಾವಿಯದ್ದಲ್ಲ, ದಾರಿಯದ್ದು. ಹತ್ತಕ್ಕೆ ಒಂದು ಮಾದರಿಯನ್ನು ಬೇರೆ ಸಂಖ್ಯೆ ಹಾಕಿ ಎರಡು ಸಲ ಕೊಡಿ. ಎರಡು ಉತ್ತರಗಳ ನಡುವೆ ಎಷ್ಟು ಅಂತರ ಬರುತ್ತದೆ ನೋಡಿ. ಸೀಸೆ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಎಂಬ ಹಾಳೆಗೆ ಪ್ರತಿಯೊಬ್ಬರ ಸಹಿ ಇರಲಿ. ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಮೊದಲು ಕೇಳುವುದು ಈ ಹಾಳೆಯನ್ನೇ.

ಲೋಹಗಳಿಗೆ ಬೇರೆ ಬಾಟಲಿ: ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಸೀಸದ ಅನುಮಾನವಿದ್ದರೆ ಮಾತ್ರ ಕ್ರಮ ಉಲ್ಟಾ: ಆರು ಗಂಟೆಯಾದರೂ ನಲ್ಲಿ ಮುಟ್ಟದೆ ಬಿಟ್ಟು, ಬೆಳಗಿನ ಮೊದಲ ಒಂದು ಲೀಟರ್ ಹಿಡಿಯಬೇಕು, ಯಾಕೆಂದರೆ ಸೀಸ ಬರುವುದು ಪೈಪಿನಿಂದ. ಎಲ್ಲವನ್ನೂ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಕನಿಷ್ಠ ಎರಡು ಸಲ ಮಾಡಿ.

ರಿಪೋರ್ಟು ಬಂದಾಗ ಎರಡು ಕಡೆ ಮೋಸ ಹೋಗುತ್ತೀರಿ. ಒಂದು, ‘ಪತ್ತೆಯಾಗಿಲ್ಲ’. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಿತಿ ಆರ್ಸೆನಿಕ್‌ಗೂ ಬೆಂಜೀನ್‌ಗೂ ಲೀಟರಿಗೆ 10 ಮೈಕ್ರೋಗ್ರಾಂ. ಲ್ಯಾಬಿನ ಯಂತ್ರ 50ಕ್ಕಿಂತ ಕೆಳಗಿನದನ್ನು ಕಾಣದಿದ್ದರೆ ಅದರ ‘ಪತ್ತೆಯಾಗಿಲ್ಲ’ ಎಂಬ ಮಾತಿಗೆ ಬೆಲೆ ಇಲ್ಲ. ಪತ್ತೆಯ ಕನಿಷ್ಠ ಮಿತಿ ಎಷ್ಟು ಎಂದು ಮಾದರಿ ಕೊಡುವ ಮುಂಚೆಯೇ ಬರಹದಲ್ಲಿ ಪಡೆಯಿರಿ. ಎರಡು, ಏಕಮಾನ. ನೈಟ್ರೇಟನ್ನು ನೈಟ್ರೇಟ್ ಆಗಿಯೇ ಬರೆದರೆ ಆ ಸಂಸ್ಥೆಯ ಮಿತಿ ಲೀಟರಿಗೆ 50 ಮಿಲಿಗ್ರಾಂ, ಅದರೊಳಗಿನ ಸಾರಜನಕವಾಗಿ ಬರೆದರೆ ಸುಮಾರು 11. ಒಂದನ್ನು ಇನ್ನೊಂದಕ್ಕೆ ಹೋಲಿಸಿದರೆ ನಾಲ್ಕೂವರೆ ಪಟ್ಟಿನಷ್ಟು ತಪ್ಪುತ್ತದೆ.

ಗಾಳಿಯ ವಿಷಯದಲ್ಲಿ ಇಷ್ಟು ಹೇಳಿದರೆ ಸಾಕು. ವಾಸನೆ ಬಂದಾಗ ಚೀಲದಲ್ಲಿ ಹಿಡಿದ ಗಾಳಿ ಆ ಕೆಲವು ನಿಮಿಷಗಳ ಕಥೆ ಹೇಳುತ್ತದೆ; ಕ್ಯಾನ್ಸರಿಗೆ ಸಂಬಂಧಿಸಿದ್ದು ವರ್ಷಗಳ ಸರಾಸರಿ. ಬೆಂಜೀನ್‌ಗೆ, ಗಾಳಿಯಲ್ಲಿರುವುದನ್ನು ಹೀರಿ ಹಿಡಿದಿಡುವ, ಒಂದೆರಡು ವಾರ ತೂಗುಹಾಕುವ ಕೊಳವೆಗಳು ಸಿಗುತ್ತವೆ, ಅವನ್ನು ವರ್ಷದ ಬೇರೆ ಬೇರೆ ಋತುಗಳಲ್ಲಿ ಬಳಸಿ. ದೂಳಿನ ಅಗ್ಗದ ಸೆನ್ಸರುಗಳು ತೇವ ಹೆಚ್ಚಿದ್ದಾಗ ಸಂಖ್ಯೆಯನ್ನು ಉಬ್ಬಿಸುತ್ತವೆ. ಸರ್ಕಾರಿ ಮಾಪನ ಕೇಂದ್ರದ ಪಕ್ಕ ಎರಡು ವಾರ ಇಟ್ಟು ಹೋಲಿಸಿ ಸರಿಪಡಿಸಿಕೊಳ್ಳದೆ ಅವುಗಳ ಅಂಕಿಯನ್ನು ಯಾರ ಮುಂದೂ ಇಡಬೇಡಿ.

ರಕ್ತ ಪರೀಕ್ಷೆ ಮಾಡಿಸಿಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ರೈಕ್ಲೋರೋಎಥಿಲೀನ್ ಮೈಯಿಂದ ಕೆಲವೇ ದಿನಗಳಲ್ಲಿ ಹೊರಟುಹೋಗುತ್ತದೆ, ಮೂತ್ರದ ಆರ್ಸೆನಿಕ್ ಕೂಡ ಹಾಗೆಯೇ. ಹತ್ತು ವರ್ಷದ ಹಿಂದಿನದಕ್ಕೆ ಇಂದಿನ ರಕ್ತ ಸಾಕ್ಷಿ ಹೇಳಲಾರದು, ‘ಏನೂ ಇಲ್ಲ’ ಎಂಬ ಹಾಳೆ ಮಾತ್ರ ಎದುರಿನವರ ಕೈಗೆ ಸಿಗುತ್ತದೆ. ಪಿಎಫ್‌ಒಎ (ನಾನ್‌ಸ್ಟಿಕ್ ಲೇಪನ ತಯಾರಿಕೆಯಲ್ಲಿ ಬಳಸುತ್ತಿದ್ದ ರಾಸಾಯನಿಕ) ಥರದ, ಮೈಯಲ್ಲಿ ಅರ್ಧ ಇಳಿಯಲು ಎರಡರಿಂದ ನಾಲ್ಕು ವರ್ಷ ತೆಗೆದುಕೊಳ್ಳುವ ರಾಸಾಯನಿಕ ಆದರೆ ಮಾತು ಬೇರೆ. ಅಮೆರಿಕದ ಒಹಾಯೋ ನದಿ ಕಣಿವೆಯಲ್ಲಿ ಪಿಎಫ್‌ಒಎ ಸೇರಿದ ನೀರು ಕುಡಿದ ಸಮುದಾಯಗಳಿಂದ 2005–06ರಲ್ಲಿ ಸುಮಾರು 69,000 ಜನ ರಕ್ತ ಮತ್ತು ಆರೋಗ್ಯ ಮಾಹಿತಿ ಕೊಟ್ಟರು. ಸ್ವತಂತ್ರ ವಿಜ್ಞಾನಿಗಳ ಮಂಡಳಿ ಅದರ ಆಧಾರದ ಮೇಲೆ 2012ರಲ್ಲಿ ಮೂತ್ರಪಿಂಡ ಮತ್ತು ವೃಷಣದ ಕ್ಯಾನ್ಸರಿಗೆ ನಂಟು ಸಂಭವನೀಯ ಎಂದಿತು. ಆ ತೀರ್ಮಾನ ಬಂದದ್ದು ಎಂಟು ಪ್ರಕರಣದಿಂದಲ್ಲ, 69,000 ಜನರಿಂದ.

ನಿಮಗೂ ಅದೇ ದಾರಿ. ಎಂಟು ರೋಗಿಗಳಿಗೆ ನಾಲ್ಕರಂತೆ 32 ಆರೋಗ್ಯವಂತರನ್ನು ಹೋಲಿಸಿದರೂ ತೀರಾ ದೊಡ್ಡ ಅಪಾಯ ಮಾತ್ರ ಕಾಣುತ್ತದೆ. ನಾಲ್ಕಕ್ಕಿಂತ ಹೆಚ್ಚು ಸೇರಿಸಿದರೆ ಸಿಗುವ ಲಾಭ ಅತ್ಯಲ್ಪ. ಬೇಕಾದದ್ದು ಹೆಚ್ಚು ಪ್ರಕರಣಗಳು. ಅದೇ ನೀರು ಕುಡಿಯುವ, ಅದೇ ಬಗೆಯ ಕಾರ್ಖಾನೆ ಇರುವ ಪಕ್ಕದ ಬಡಾವಣೆಗಳನ್ನು ಸೇರಿಸಿಕೊಳ್ಳಿ. ಅವರಲ್ಲಿ ಕಾಯಿಲೆ ಹೆಚ್ಚಿದೆಯೋ ಇಲ್ಲವೋ ನೋಡದೆಯೇ ಸೇರಿಸಿ. ಅದು ‘ನೂರರಲ್ಲಿ ಮೂರು’ ಎಂಬ ಆಕ್ಷೇಪಕ್ಕೂ ಉತ್ತರ, ಯಾಕೆಂದರೆ ಅನುಮಾನ ಹುಟ್ಟಿಸಿದ ಜಾಗ ಒಂದು, ಅದನ್ನು ಪರೀಕ್ಷಿಸಿದ ಜಾಗ ಇನ್ನೊಂದು ಆಗುತ್ತದೆ.

ಜನರಿಗೆ ತಿಳಿಸುವುದು

ಎಂಟು ಜನ ಅಂದರೆ ಊರಲ್ಲಿ ಯಾರೆಂದು ಎಲ್ಲರಿಗೂ ಗೊತ್ತು. ಮನೆಗಳ ಮೇಲೆ ಚುಕ್ಕಿ ಇಟ್ಟ ನಕ್ಷೆಯನ್ನು ವಾಟ್ಸ್ಆಪ್ ಗುಂಪಿಗೆ ಹಾಕಿದರೆ ಆ ಮನೆಯವರ ಕೆಲಸಕ್ಕೆ, ವಿಮೆಗೆ ಕುತ್ತು ಬರಬಹುದು, ಮತ್ತೆ ಯಾರೂ ನಿಮಗೆ ಬಾಗಿಲು ತೆರೆಯುವುದಿಲ್ಲ. ಹೆಸರಿನ ಬದಲು ಸಂಖ್ಯೆ ಬಳಸಿ. ಹೆಸರು ಮತ್ತು ಸಂಖ್ಯೆಯ ಪಟ್ಟಿ ಬೇರೆ ಕಡೆ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ಐದಕ್ಕಿಂತ ಕಡಿಮೆ ಇರುವ ಅಂಕಿಯನ್ನು ಪ್ರಕಟಿಸಬೇಡಿ. ‘ಐದಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ.

ನೀರಿನ ಫಲಿತಾಂಶ ಮಾತ್ರ ಮೊದಲು ಆ ಮನೆಯವರಿಗೇ, ಅವರ ಭಾಷೆಯಲ್ಲಿ, ಲ್ಯಾಬ್ ಹಾಳೆಯ ನಕಲಿನ ಜೊತೆ ತಲುಪಬೇಕು. ಎಲ್ಲ ಮನೆಗಳ ಅಂಕಿಗಳನ್ನು ಚುಕ್ಕಿಗಳಾಗಿ ಒಂದು ಗೆರೆಯ ಮೇಲಿಟ್ಟು, ಅವರ ಮನೆಯದನ್ನು ಬೇರೆ ಬಣ್ಣದಲ್ಲಿ ತೋರಿಸಿ, ಮಿತಿಯ ಗೆರೆ ಎಳೆಯಿರಿ. ಓದಲು ಬಾರದವರಿಗೂ ತಾವು ಎಲ್ಲಿದ್ದೇವೆಂದು ತಿಳಿಯುತ್ತದೆ. ಅದರ ಜೊತೆಗೇ ಮಾಡಬೇಕಾದದ್ದನ್ನೂ ಹೇಳಿ. ಆರ್ಸೆನಿಕ್ ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನೂ ಗಟ್ಟಿಯಾಗುತ್ತದೆ. ದ್ರಾವಕ ಇರುವ ನೀರನ್ನು ಕುಡಿಯುವುದು ಬಿಟ್ಟರಷ್ಟೇ ಸಾಲದು. ಬಿಸಿನೀರಿನ ಸ್ನಾನದಲ್ಲಿ ಅದು ಆವಿಯಾಗಿ ಉಸಿರಿಗೆ ಸೇರುತ್ತದೆ, ಕಿಟಕಿ ತೆರೆದಿರಲಿ, ಬೇರೆ ನೀರಿನ ವ್ಯವಸ್ಥೆ ಬೇಗ ಆಗಲಿ.

ಫ್ರಾನ್ಸಿನ ಫೋಸ್-ಸುರ್-ಮೇರ್ ಕೈಗಾರಿಕಾ ವಲಯದಲ್ಲಿ 2017ರಲ್ಲಿ ವರದಿ ಕೊಟ್ಟ ನಿವಾಸಿ-ಸಹಭಾಗಿತ್ವದ ಅಧ್ಯಯನದಲ್ಲಿ, ಅಂಕಿಗಳ ಅರ್ಥವನ್ನು ಅಂತಿಮಗೊಳಿಸುವ ಮುಂಚೆ ಊರಿನವರ ಜೊತೆ ಕಮ್ಮಟ ನಡೆಸಿದರು. ಯಾವ ಬೀದಿಗೆ ಯಾವ ಕಾಲದಲ್ಲಿ ಹೊಗೆ ತಿರುಗುತ್ತದೆ ಎಂಬಂಥದ್ದು ಗಣಕದಲ್ಲಿ ಸಿಗುವುದಿಲ್ಲ. ನಿಮ್ಮಲ್ಲೂ ವರದಿಯ ಕರಡನ್ನು ಮೊದಲು ಬಡಾವಣೆಯ ಸಭೆಯಲ್ಲಿ ಓದಿ. ಕಾರ್ಖಾನೆಯ ಕೆಲಸಗಾರರನ್ನೂ ಕರೆಯಿರಿ. ವಿಷ ಇದ್ದರೆ ಎಲ್ಲರಿಗಿಂತ ಹೆಚ್ಚು ಉಂಡಿರುವವರು ಅವರೇ.

ಅಧಿಕಾರಿಗಳಿಗೆ ಕೊಡುವ ಕಾಗದದಲ್ಲಿ ‘ಕಾರ್ಖಾನೆಯಿಂದ ಕ್ಯಾನ್ಸರ್ ಬಂದಿದೆ’ ಎಂದು ಬರೆಯಬೇಡಿ. ಯಾವ ಬಾವಿಯಲ್ಲಿ, ಯಾವ ದಿನಾಂಕ, ಯಾವ ವಿಧಾನದಿಂದ, ಎಷ್ಟು ಮೈಕ್ರೋಗ್ರಾಂ ಸಿಕ್ಕಿತು, ಮಿತಿ ಎಷ್ಟು, ಆ ಬಾವಿಯನ್ನು ಎಷ್ಟು ಮನೆಗಳು ಬಳಸುತ್ತವೆ, ಇದನ್ನು ಬರೆಯಿರಿ. ಎಂಟು ಪ್ರಕರಣಗಳ ರೋಗನಿರ್ಣಯದ ಬಗೆ ಮತ್ತು ವರ್ಷ, ಜನಸಂಖ್ಯೆಯ ವಯಸ್ಸಿನ ಪಟ್ಟಿ ಲಗತ್ತಿಸಿ, ಅವರ ನೋಂದಣಿ ದರದಿಂದ ಅವರೇ ಲೆಕ್ಕ ಮಾಡಿ ಬರಹದಲ್ಲಿ ಉತ್ತರಿಸಲಿ ಎಂದು ಕೇಳಿ. ಈ ವಾರ ಮಾಡಬೇಕಾದದ್ದು ಎರಡೇ: ವಾಲ್ವ್ ತಿರುಗಿಸುವವರನ್ನು ಭೇಟಿ ಮಾಡುವುದು, ಮತ್ತು ಹತ್ತಿರದ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯ ವಿಭಾಗಕ್ಕೆ ಒಂದು ಪುಟದ ಪತ್ರ ಬರೆಯುವುದು. ಮನೆಮನೆಯ ಬಾಗಿಲು ತಟ್ಟುವುದು ಆಮೇಲೆ.